ಅತ್ತೆಯ ತಲೆನೋವು, ಎಳೇ ಕಲ್ಲಿದ್ದಲು

ಇಸ್ತ್ರಿ ಅಂಗಡಿಯ ಮೂಲೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುವ ಅತ್ತೆಗೆ ಒಂದು ವಾರದಿಂದ ತಲೆನೋವು. ಅಂಗಡಿಯೊಳಗೆ ಇದ್ದರೆ ನೋವು, ಬೀದಿಗೆ ಹೋದರೆ ಮಾಯ.

"ನಿಮ್ಮಮ್ಮನ ತಲೆನೋವಿಗೆ ನನ್ನ ಮುಖವೇ ಕಾರಣ ಇರ್ಬೇಕು," ಎಂದ ಅಳಿಯ.

"ಇರ್ಬಹುದು. ನನಗೂ ಆಗಾಗ ಬರುತ್ತೆ," ಎಂದಳು ಹೆಂಡತಿ, ಬಟ್ಟೆಗೆ ನೀರು ಚಿಮುಕಿಸುತ್ತ.

ಚಳಿಗೆ ಬಾಗಿಲು, ಕಿಟಕಿ ಎಲ್ಲ ಮುಚ್ಚಿದ್ದವು. ಇಸ್ತ್ರಿಪೆಟ್ಟಿಗೆ ಕಾಯಿಸುವ ಒಲೆಗೆ ಇಷ್ಟು ವರ್ಷ ಗಟ್ಟಿಯಾದ, ಹೊಳೆಯುವ ಕಲ್ಲಿದ್ದಲು ಹಾಕುತ್ತಿದ್ದರು. ಈ ಸಲ ಅದು ಸಿಗದೆ, ಕೈಯಲ್ಲೇ ಪುಡಿಯಾಗುವ ಕಂದು ಕಲ್ಲಿದ್ದಲು ಬಂದಿತ್ತು. ಬೆಂಕಿ ಹತ್ತಿದೊಡನೆ ಶಾಖ ಉಳಿಯಲೆಂದು ಹೊಗೆಕೊಳವೆಯ ತಗಡನ್ನು ಮುಕ್ಕಾಲು ಮುಚ್ಚುವುದು ಅಳಿಯನ ರೂಢಿ. ಇದಕ್ಕೂ ಹಾಗೇ ಮಾಡಿದ.

ಮಧ್ಯಾಹ್ನ ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುವ ಪಕ್ಕದ ಮನೆಯ ಮಾವ ತನ್ನ ಸಮವಸ್ತ್ರ ಒಯ್ಯಲು ಬಂದ. ಆಗಲೇ ಅತ್ತೆ ಸೂಜಿಗೆ ದಾರ ಪೋಣಿಸಲು ಮೂರು ಸಲ ತಪ್ಪಿ, ಅಂಗಿಗಳ ಮೇಲೆ ಕುಸಿದಳು.

"ಮೊದಲು ಹೊರಗೆ ಎತ್ಕೊಳ್ಳಿ," ಎಂದು ಮಾವ ಬಾಗಿಲು ಒದ್ದು ತೆರೆದ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. "ಸರಿಯಾದ ಹೊತ್ತಿಗೆ ತಂದ್ರಿ," ಎಂದರು ವೈದ್ಯರು.

ಈ ಹೊಸ ಕಲ್ಲಿದ್ದಲೇ ಕಾರಣ ಎಂದು ಮಾವ ಹೇಳಿದರೂ ಸಂಜೆಯವರೆಗೆ ಅಳಿಯ ನಂಬಲಿಲ್ಲ. "ಕಲ್ಲಿದ್ದಲು ಅಂದ್ಮೇಲೆ ಕಲ್ಲಿದ್ದಲು ಮಾವ. ಕಿಡಿ ಕಂಡ್ರೆ ಉರಿಯುತ್ತೆ, ಅಷ್ಟೇ."

ಮಾವ ಎರಡು ತುಂಡು ಹಿಡಿದ. ಹೊಳೆಯುವುದನ್ನೆತ್ತಿ ಗಂಟಲು ಕೆರೆದು, ಮುದುಕನ ದನಿಯಲ್ಲಿ: "ನಾನು ನೆಲದಡಿ ಬಹಳ ಕಾಲ ಒತ್ತಿಸಿಕೊಂಡು ಮಾಗಿದವ. ನನ್ನಲ್ಲಿ ನೀರು, ಅನಿಲ ಕಮ್ಮಿ, ಇಂಗಾಲ ಜಾಸ್ತಿ. ಹತ್ತೋದು ನಿಧಾನ, ಜ್ವಾಲೆ ಗಿಡ್ಡ, ಕಾವು ದೀರ್ಘ." ಕಂದು ತುಂಡನ್ನೆತ್ತಿ ಗಡಿಬಿಡಿಯ ದನಿಯಲ್ಲಿ: "ನಾನು ಎಳೇದು ಕಣಣ್ಣ. ನನ್ನೊಳಗೆ ಬರೀ ನೀರು, ಅನಿಲ. ಬೇಗ ಹತ್ತಿ ಉದ್ದ ಜ್ವಾಲೆಯಲ್ಲಿ ಉರೀತೀನಿ. ಮೇಲೆ ಗಾಳಿ ಸಿಗದಿದ್ರೆ ಆ ಅನಿಲ ಪೂರ್ತಿ ಸುಡಲ್ಲ, ಹೊಗೆಯಾಗಿ ನಿಮ್ಮ ಕೋಣೆಗೇ ಬರ್ತೀನಿ."

"ಹಾಗಾದ್ರೆ ಮುದುಕ ಒಳ್ಳೆಯವನು," ಎಂದಳು ಹೆಂಡತಿ ನಗುತ್ತ.

ಮಾವ ನಗಲಿಲ್ಲ. "ಅವನನ್ನೂ ನಂಬಬೇಡಮ್ಮ. ಗಾಳಿ ಕಟ್ಟಿದ್ರೆ ಇಬ್ಬರೂ ವಿಷಾನಿಲ ಬಿಡ್ತಾರೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮುದುಕ ಹೊಗೆಯನ್ನೂ ತೋರಿಸದೆ ಕೊಲ್ತಾನೆ."

ಅಳಿಯ ಎದ್ದು ಹೋಗಿ ಆ ತಗಡನ್ನು ಪೂರ್ತಿ ತೆರೆದ. ಮರಳಿ ಬಂದು ಮಾವನ ಎರಡೂ ಕೈ ಹಿಡಿದುಕೊಂಡ. "ನೀವು ಇವತ್ತು ಬಟ್ಟೆಗೆ ಬರದಿದ್ರೆ..." ಎಂದ.

ಎರಡು ದಿನದ ಮೇಲೆ ಅತ್ತೆ ಅರ್ಧ ತೆರೆದ ಕಿಟಕಿಯ ಬಳಿ ಕೂತು, ಮಾವನ ಸಮವಸ್ತ್ರಕ್ಕೆ ಹೊಸ ಗುಂಡಿಗಳನ್ನು ಹೊಲಿಯುತ್ತಿದ್ದಳು. ಹಳೆಯದೊಂದೂ ಬಿದ್ದಿರಲಿಲ್ಲ, ಆದರೂ ಎಲ್ಲವನ್ನೂ ಬದಲಿಸಿದಳು.

"ತಲೆನೋವು ಹೇಗಿದೆ ಅತ್ತೆ?"

"ಹೋಯ್ತು ಅಳಿಯಂದ್ರೇ. ನಿಮ್ಮ ಮುಖ ಪಾಪ, ಹಾಗೇ ಇದೆ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಒಲೆಗೆ ಹೊಸ ಬಗೆಯ ಕಲ್ಲಿದ್ದಲು ಬಂದರೆ ಅದು ಹೇಗೆ ಉರಿಯುತ್ತದೆಂದು ಬಲ್ಲವರನ್ನು ಕೇಳಿ. ಯಾವುದೇ ಇರಲಿ, ಹೊಗೆಕೊಳವೆ ಕಟ್ಟದಂತೆ, ಕೋಣೆಗೆ ಗಾಳಿ ಬರುವಂತೆ ನೋಡಿಕೊಳ್ಳಿ. ಒಳಗಿದ್ದಾಗ ಬಂದು ಹೊರಗೆ ಹೋದಾಗ ಮಾಯವಾಗುವ ತಲೆನೋವನ್ನು ನೆಪ ಎನ್ನಬೇಡಿ. ಎಲ್ಲರೂ ಹೊರಗೆ ಬನ್ನಿ, ವೈದ್ಯರ ಬಳಿ ಹೋಗಿ. ಎಲ್ಲ ಮನೆಗೂ ಸರಿಯಾದ ಹೊತ್ತಿಗೆ ಬಾಯ್ಲರ್ ಮಾವ ಬರುವುದಿಲ್ಲ. ನಿಮ್ಮ ಬೀದಿಗೆ ನೀವೇ ಆ ಮಾವನಾಗಿ.