ಪಂಚಮಿಯ ಎರಡು ತಾಸು

ಅವ್ವನನ್ನು ಎಬ್ಬಿಸಿ ಕೂರಿಸಲು ಬೆನ್ನ ಕೆಳಗೆ ಕೈ ಹಾಕಿದ ಹೇಮಾವತಿ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. ಹಾಸಿಗೆಯೆಲ್ಲ ಒದ್ದೆ. ಹೊರಗೆ ಜಗುಲಿಯಲ್ಲಿ ಅಕ್ಕ ಪ್ರಮೀಳಾಳ ಹೆಣವನ್ನು ಗೋಡೆಗೊರಗಿಸಿ ಕೂರಿಸಿದ್ದರು. ನಿನ್ನೆ ಬಚ್ಚಲಲ್ಲಿ ಕುಸಿದವಳು ಮೇಲೇಳಲಿಲ್ಲ. ಹೆಣ ಎತ್ತುವ ಮುಂಚೆ ಹೆತ್ತವಳು ಬಂದು ಹಣೆಗೆ ವಿಭೂತಿ ಹಚ್ಚಲಿ ಎಂದು ಎಲ್ಲರೂ ಕಾಯುತ್ತಿದ್ದರು.

"ಅವ್ವನ್ನ ಕರ್ಕಂಡು ಬಾರಮ್ಮ, ಹೊತ್ತಾಗ್ತೈತೆ," ಸೋದರಮಾವ ಮರುಳಪ್ಪ ಬಾಗಿಲಿಂದಲೇ ಅಂದ.

"ಹೆಂಗೆ ಕರ್ಕಂಡು ಬರ್ಲಿ ಮಾವ? ಕಾಲೇ ಊರಲ್ಲ, ನಾನ್ಯಾರು ಅಂತನೂ ಗೊತ್ತಿಲ್ಲ. ಹೋದ ಪಂಚಮಿಗೆ ಕುರ್ಚಿ ಮ್ಯಾಲೆ ಕೂತು ನನ್ ಜತಿಗೆ ಉಂಡೆ ತಿಂದಿದ್ಲಲ್ಲ."

ಬಕೀಟು ತಂದಿಟ್ಟ ಪಕ್ಕದ ಮನೆಯ ಅಜ್ಜಮ್ಮ ತಲೆ ಎತ್ತಲಿಲ್ಲ. "ಕೂತಿರ್ಲಿಲ್ಲ ಕಣವ್ವ, ಕೂರ್ಸಿದ್ವಿ. ಎಂಟು ವರ್ಷದಿಂದ ಹಾಸಿಗೆನೇ. ನೀನು ಹನ್ನೊಂದಕ್ಕೆ ಬರ್ತೀಯ ಅಂದ್ರೆ ನಿಮ್ಮಕ್ಕ ನಸುಕಿಗೇ ಮೈ ತೊಳ್ದು ಸೀರೆ ಉಡ್ಸಾಕೆ ಶುರು ಮಾಡೋಳು. ನಿಮ್ಮವ್ವಂಗೆ ಎರಡು ತಾಸು ಕೂತು ತಡ್ಕಳಾಕೆ ಆಗ್ತಿತ್ತು, ಅಷ್ಟೇ. ತಂಗಿ ವರ್ಷಕ್ಕೊಂದು ಸಲ ಬರ್ತಾಳೆ, ಅತ್ಕಂಡು ಹೋಗ್ಬಾರ್ದು ಅಂತಿದ್ಲು."

*

ಹೇಮಾವತಿಗೆ ತವರೆಂದರೆ ವರ್ಷಕ್ಕೆ ಎರಡು ತಾಸು. ಅಷ್ಟರಲ್ಲೇ ತಪ್ಪು ಹುಡುಕುವುದಕ್ಕೂ ಪುರುಸೊತ್ತು ಸಿಗುತ್ತಿತ್ತು. ಹೋದ ಪಂಚಮಿಯಲ್ಲಿ ಊಟದ ಕೈ ಆರುವ ಮೊದಲೇ ಅಕ್ಕ, "ಬಸ್ಸು ತಪ್ಪುತ್ತೆ, ಹೊರಡು" ಅಂದಿದ್ದಳು.

"ಹಬ್ಬಕ್ಕೆ ಬಂದೋಳನ್ನ ಹಿಂಗೆ ಓಡಿಸ್ತೀಯಲ್ಲ. ಅವ್ವ ಗಟ್ಟಿಮುಟ್ಟಾಗೇ ಇದಾಳೆ, ನಿಂಗೇನು ಅಂಥಾ ಕಷ್ಟ? ಉಂಡೆಗೆ ಬೆಲ್ಲನೂ ಕಮ್ಮಿ."

"ಮುಂದಿನ ವರ್ಷ ಸರಿ ಮಾಡ್ತೀನಿ ಬಿಡು," ಎಂದು ಪ್ರಮೀಳಾ ಉಂಡೆ ಡಬ್ಬಿ ಕೈಗಿಟ್ಟಿದ್ದಳು. ಬಸ್ಸು ನ್ಯಾಮತಿ ದಾಟುವ ಮೊದಲೇ ಹೇಮಾವತಿ ಗಂಡನಿಗೆ ಫೋನ್ ಮಾಡಿ, ಮದುವೆ ಮಕ್ಕಳಿಲ್ಲದ ಅಕ್ಕನಿಗೆ ನೆಂಟರು ಅಂದರೆ ಆಗದು ಎಂದು ಹೇಳಿದ್ದಳು.

*

ಹೇಮಾವತಿ, ಅಜ್ಜಮ್ಮ ಇಬ್ಬರೂ ಸೇರಿ ಅವ್ವನ ಮೈ ತೊಳೆದರು. ಎಂಟು ವರ್ಷ ಮಲಗಿದ್ದವಳ ಬೆನ್ನ ಮೇಲೆ ಒಂದೇ ಒಂದು ಹುಣ್ಣಿರಲಿಲ್ಲ. ಹೇಮಾವತಿ ಆ ಬೆನ್ನಿನ ಮೇಲೆ ಅಂಗೈ ಆಡಿಸಿದಳು. ಅಕ್ಕ ಇದ್ದಾಗ ಒಂದು ಸಲವೂ ಈ ಬೆನ್ನು ನೋಡಿರಲಿಲ್ಲ.

"ನಾಳೆಯಿಂದ ನಿಮ್ಮವ್ವನ್ನ ಯಾರು ನೋಡ್ಕಂತೀರಿ?" ಮರುಳಪ್ಪ ಕೇಳಿದ. ಹೇಮಾವತಿಯ ಗಂಡ ಅಂಗಳ ನೋಡಿದ.

ಕುರ್ಚಿ ಸಮೇತ ಅವ್ವನನ್ನು ಜಗುಲಿಗೆ ಹೊತ್ತು ತಂದು ಹೆಣದ ಮುಂದಿಟ್ಟರು. ಅವಳ ಬೆರಳು ಹಿಡಿದು ವಿಭೂತಿ ಹಚ್ಚಿಸಿದ್ದಾಯಿತು. ಅವ್ವ ಸತ್ತ ಮಗಳನ್ನು ನೋಡಲಿಲ್ಲ, ಸುತ್ತಲ ಜನವನ್ನು ನೋಡಿದಳು. ಹೇಮಾವತಿಯ ಮಣಿಕಟ್ಟು ಹಿಡಿದು ಮೆಲ್ಲಗೆ ಕೇಳಿದಳು:

"ಪ್ರಮೀ, ಇವರು ಯಾವಾಗ ಹೋಗ್ತಾರೆ? ಸೊಂಟ ನೋಯ್ತೈತೆ. ಮಲಗ್ಸು."

ಹೆಣ ಎತ್ತಿದರು. ಹೇಮಾವತಿ ಹಿಂದೆ ಹೋಗಲಿಲ್ಲ.

"ಹೊರಟ್ರು ಅವ್ವ," ಅಂದಳು.

ಭಜನೆಯವರ ತಾಳ ಬೀದಿಯ ತಿರುವು ದಾಟುವಾಗ, ಅವಳು ಒಳಗೆ ಅವ್ವನನ್ನು ಮಗ್ಗುಲಾಗಿ ಮಲಗಿಸಿ, ಆ ಹಿಡಿಯಿಂದ ತನ್ನ ಕೈ ಬಿಡಿಸಿಕೊಳ್ಳಲು ನೋಡುತ್ತಿದ್ದಳು.