ಬೆಟ್ಟಮ್ಮನ ಕಂಬ ಮತ್ತು ಕರೆಂಟಿನ ದಪ್ಪ ಕೇಬಲ್

ರಾಮನಾಥಪುರದ ಬೆಟ್ಟಮ್ಮನ ಮನೆಗೊಂದು ಹೊಸ ಕೋಣೆ ಏಳುತ್ತಿತ್ತು. ಹೊಗೆಸೊಪ್ಪನ್ನು ಬಿಸಿಯಲ್ಲಿ ಒಣಗಿಸಿ ಬೇಯಿಸುತ್ತಿದ್ದ ಹಳೆಯ ಬ್ಯಾರನ್ ಮನೆ ಬಿಚ್ಚಿ, ಅದರ ಮರದಲ್ಲೇ ಮುಂದಿನ ಗೋಡೆಗೆ ಚೌಕಟ್ಟು ನಿಲ್ಲಿಸಿದ್ದರು. ಎರಡೂ ಕಡೆ ಹಲಗೆ ಹೊಡೆದರೆ ಗೋಡೆ ಮುಗಿದಂತೆ. ಅದಕ್ಕೂ ಮೊದಲು ಬೀದಿಯ ಲೈಟುಕಂಬದಿಂದ ಮೀಟರಿಗೆ ಬರುವ ದಪ್ಪ ಕೇಬಲ್ ಆ ಚೌಕಟ್ಟಿನೊಳಗೆ ಹಾಯಬೇಕಿತ್ತು.

ಚೌಕಟ್ಟಿನ ಮೂಲೆಯ ಕಂಬದ ಮೇಲೆ ಬೆಟ್ಟಮ್ಮನಿಗೆ ಪ್ರಾಣ. ತೀರಿಹೋದ ಗಂಡ ಕೆಂಪಣ್ಣ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಬ್ಯಾರನ್ ಒಳಗೆ ಮೇಲೇರಿಸುವಾಗ ಅದನ್ನೇ ಹಿಡಿದು ಮೇಲೆ ಹತ್ತುತ್ತಿದ್ದ. ಅವನ ಕೈ ತಾಗಿ ತಾಗಿ ಮರ ನುಣುಪಾಗಿತ್ತು.

ವಯರಿಂಗಿಗೆ ಬಂದವನು ಪಕ್ಕದ ಬೀದಿಯ ದಿಲೀಪ್, ಲೈಸೆನ್ಸ್ ಇದ್ದ ಎಲೆಕ್ಟ್ರಿಷಿಯನ್. ಅವನು ಡ್ರಿಲ್ ಎತ್ತಿದ್ದೇ ತಡ, ಬೆಟ್ಟಮ್ಮ ಕಂಬ ಹಿಡಿದು ಅಡ್ಡ ನಿಂತಳು.

“ಆ ಕಂಬಕ್ಕೆ ತೂತು ಹೊಡೀಬ್ಯಾಡ ಕಣಪ್ಪ. ಕೇಬಲ್‌ನ ಮೂಲೇಲಿ ಮಡಚಿ, ಕಂಬಕ್ಕೆ ಒತ್ತಿ ಬಡ್ದುಬುಡು.”

“ಅಂಗ್ ಮಡಚಿದ್ರೆ ಒಳಗೆ ಕೆಡ್ತದೆ ದೊಡ್ಡವ್ವ. ಇದು ಲೈಟಿನ ಸಣ್ಣ ವಯರ್ ಅಲ್ಲ. ಕಂಬದ ಮಧ್ಯದಾಗೆ ನೆಟ್ಟಗೆ ಹಾಯ್ಸಿ, ಆಮೇಲೆ ಅಗಲವಾಗಿ ತಿರುಗಿಸ್ಬೇಕು.”

“ಏನ್ ಕೆಡ್ತದೆ? ಎಬ್ಬೆರಳು ಗಾತ್ರ ಐತೆ. ಬೀದೀಲಿ ಎಲ್ರೂ ಇಂಗೇ ಮಾಡವ್ರೆ.”

ಸೊಸೆ ಅನುಶ್ರೀ ಮೆಲ್ಲಗೆ, “ಅತ್ತೆ, ಕವನಾ ಮಂಚ ಆ ಗೋಡೆಗೇ ಬರೋದು” ಎಂದಳು.

ಮೊಮ್ಮಗಳ ಹೆಸರು ಕೇಳಿ ಬೆಟ್ಟಮ್ಮ ಮಂಚ ಬರುವ ಜಾಗದತ್ತ ನೋಡಿದಳು. ಆದರೂ ಕಂಬದಿಂದ ಕೈ ತೆಗೆಯಲಿಲ್ಲ. ದಿಲೀಪ್ ವಾದಕ್ಕಿಳಿಯಲಿಲ್ಲ. ಮಿಕ್ಕಿದ್ದ ಕೇಬಲ್ ತುಂಡೊಂದನ್ನು ಅವಳು ಹೇಳಿದಂತೆಯೇ ಮಡಚಿ, ಸುತ್ತಿಗೆಯಿಂದ ಬಡಿದು, ಮತ್ತೆ ನೆಟ್ಟಗೆ ಮಾಡಿ ಅವಳ ಕೈಗಿಟ್ಟ. ಮೇಲೆ ಏನೂ ಕಾಣಲಿಲ್ಲ. ಚಾಕುವಿನಿಂದ ಸಿಪ್ಪೆ ಸೀಳಿದಾಗ ಒಳಪದರ ಬಿರಿದಿತ್ತು, ತಂತಿಯ ಎಳೆಗಳು ಮುರಿದಿದ್ದವು.

ಬೆಟ್ಟಮ್ಮನಿಗೆ ಹಸಿ ಸೊಪ್ಪು ಕಡ್ಡಿಗೆ ಕಟ್ಟುತ್ತಿದ್ದ ದಿನಗಳು ಕಣ್ಣಿಗೆ ಕಟ್ಟಿದವು. ಹೆಂಗಸರೆಲ್ಲ ಸಾಲಾಗಿ ಕೂತು, ಕೈಗಿಂತ ಬಾಯನ್ನೇ ಹೆಚ್ಚು ಆಡಿಸುತ್ತಿದ್ದ ಕಾಲ. ಮಾತಿನ ಭರದಲ್ಲಿ ಎಲೆಯ ದಂಟು ಮಡಚಿಬಿಟ್ಟರೆ ಕೆಂಪಣ್ಣ ಗದರುತ್ತಿದ್ದ. ಹೊರಗೆ ಚೆನ್ನಾಗೇ ಕಾಣುವ ಆ ಎಲೆ ಬ್ಯಾರನ್ ಒಳಗೆ ಕಪ್ಪಾಗುತ್ತಿತ್ತು. ಆ ಗದರಿಕೆಯಾದರೂ ಇನ್ನೊಂದು ಸಲ ಕೇಳಿಸಬಾರದೇ ಎಂದು ಅವಳಿಗೆ ಅನ್ನಿಸಿತು.

“ಸೊಪ್ಪಾದ್ರೆ ಕರ್ರಗಾಗ್ತಿತ್ತು. ಇದು ಏನ್ ಮಾಡ್ತದೆ?”

“ಬಿಸಿ ಆಗ್ತದೆ. ಮರದ ಗೋಡೆ, ಒಳಗೆ ಏನಾಯ್ತಾ ಐತೆ ಅಂತ ಕಾಣಕಿಲ್ಲ. ಬೆಂಕಿ ಹತ್ಕೊಂಡ ಮ್ಯಾಲೇ ಗೊತ್ತಾಗಾದು.”

ಬೆಟ್ಟಮ್ಮ ಕೈ ತೆಗೆದಳು. “ತೂತು ಹೊಡಿ. ಮಗೀಗಿಂತ ಮರ ಎಚ್ಚಲ್ಲ.”

ಲೈನ್‌ಮನ್ ಬಂದು ಲೈಟುಕಂಬದಲ್ಲೇ ಕರೆಂಟು ತೆಗೆದಿದ್ದ. ದಿಲೀಪ್ ಕಂಬದ ನಡುಮಧ್ಯೆ ಕೊರೆದು, ಪೈಪು ಕೂರಿಸಿ, ಕೇಬಲ್ ಹಾಯಿಸಿದ. ಮೂಲೆಯಲ್ಲಿ ಅದನ್ನು ಕೈಯಿಂದಲೇ, ಎತ್ತಿನ ಗಾಡಿ ತಿರುಗಿಸುವ ಹಾಗೆ ಅಗಲವಾಗಿ ತಿರುಗಿಸಿದ. ಮುಂದೆ ಯಾರಾದರೂ ಫೋಟೋ ನೇತುಹಾಕಲು ಮೊಳೆ ಹೊಡೆದಾರೆಂದು, ಕೇಬಲ್ ಹಾದಲ್ಲಿ ಕಬ್ಬಿಣದ ಪಟ್ಟಿ ಬಿಗಿದ.

ಮರದ ಪುಡಿ ಗುಡಿಸಲು ಅನುಶ್ರೀ ಪೊರಕೆ ತಂದಳು. “ಇರವ್ವ” ಎಂದು ಬೆಟ್ಟಮ್ಮ ಕುಕ್ಕರುಗಾಲಿನಲ್ಲಿ ಕೂತು ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದಳು. ಬೆಂದ ಸೊಪ್ಪಿನ ವಾಸನೆ, ಕೆಂಪಣ್ಣನ ಅಂಗಿಯ ವಾಸನೆ. ಪೆಟ್ಟಿಗೆಯಲ್ಲಿಟ್ಟ ಅಂಗಿಯಲ್ಲೂ ಅದು ಉಳಿದಿರಲಿಲ್ಲ. ಪುಡಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಅವಳು ಅತ್ತಳು, ಅಳುತ್ತಲೇ ನಕ್ಕಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಗೋಡೆಯೊಳಗೂ ಇಂಥ ಕೇಬಲ್ ಇರಬಹುದು. ಅದನ್ನು ಮಡಚಲು, ಸುತ್ತಿಗೆಯಿಂದ ಬಡಿಯಲು ಬಿಡಬೇಡಿ. ಎಷ್ಟು ಅಗಲದ ತಿರುವು ಬೇಕೆಂದು ಕೇಳಿ, ಲೈಸೆನ್ಸ್ ಇರುವವರಿಂದಲೇ ಹಾಕಿಸಿ. ಹಲಗೆ ಮುಚ್ಚುವ ಮೊದಲು ನೀವೇ ಒಮ್ಮೆ ಬಗ್ಗಿ ನೋಡಿ. ಮುಚ್ಚಿದ ಮೇಲೆ ಆ ಗೋಡೆಗೆ ಒರಗಿ ಮಲಗುವವರು ನಿಮ್ಮವರೇ.