ಲುವಾನ್ ದೊಡ್ಡಪ್ಪನ ಸಂಜೆ ಹಾಜರಿ

ಕರೆಂಟು ಮತ್ತೆ ಹೋಯಿತು. ಕುಕ್ಕರಿನಲ್ಲಿ ಅನ್ನ ಅರ್ಧ ಬೆಂದಿತ್ತು, ಮೊಬೈಲನ್ನು ಆಗತಾನೇ ಚಾರ್ಜಿಗೆ ಇಟ್ಟಿದ್ದೆ, ಹೊರಗೆ ಮೊಣಕಾಲುದ್ದ ಹಿಮ. ಆ ಚಳಿಗಾಲ ನಮ್ಮ ಗಣಿ ಓಣಿಯಲ್ಲಿ ಇದು ದಿನದ ಮಾತಾಗಿತ್ತು. ದೇಶದ ಬಡಗಣ ತುದಿಯ ಹೈಲೊಂಗ್‌ಜ್ಯಾಂಗ್ ಸೀಮೆಯ ಕಲ್ಲಿದ್ದಲೂರು ನಮ್ಮದು. ನಮ್ಮ ಗಂಡಸರು ಅಗೆದ ಕಲ್ಲಿದ್ದಲಿನಿಂದ ದಕ್ಷಿಣದ ದೊಡ್ಡ ದೊಡ್ಡ ಊರುಗಳಲ್ಲಿ ದೀಪ ಉರಿಯಿತು, ಕಾರ್ಖಾನೆ ಓಡಿತು. ಆ ವರ್ಷ ಕಲ್ಲಿದ್ದಲಿನ ಬೆಲೆ ಏರಿ, ವಿದ್ಯುತ್ ಕೇಂದ್ರಗಳಿಗೇ ಸಾಲದೆ, ನಮ್ಮ ಓಣಿಗೇ ಕತ್ತಲು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಳ್ಳಲ್ಲ. ಆದರೆ ಆ ಕತ್ತಲಲ್ಲಿ ನಮ್ಮ ಓಣಿಯವರು ನಡೆದುಕೊಂಡದ್ದನ್ನು ನೆನೆದರೆ ಇವತ್ತಿಗೂ ನನ್ನ ಎದೆ ಉಬ್ಬುತ್ತದೆ. ಅದನ್ನು ನಾಲ್ಕು ಜನಕ್ಕೆ ಹೇಳದಿದ್ದರೆ ನನಗೆ ಉಂಡ ಅನ್ನ ಜೀರ್ಣವಾಗುವುದಿಲ್ಲ.

ನಾನು ಮೆಂಗ್ ಶುಫೆನ್, ಓಣಿಯ ನಿವಾಸಿಗಳ ಸಮಿತಿಯವಳು. ಕಂಬದ ಮೇಲಿನ ಮೈಕಿನಲ್ಲಿ ನೀರು ಬರುವ ಹೊತ್ತು, ಲಸಿಕೆಯ ದಿನ ಎಲ್ಲವನ್ನೂ ಕೂಗಿ ಹೇಳುವ ಗಂಟಲು ನನ್ನದೇ. ಕರೆಂಟು ಇಲ್ಲದ ದಿನ ಮೈಕೂ ಇಲ್ಲವಲ್ಲ, ಆಗ ಹಳೆಯ ಜಾಗಟೆ ಹಿಡಿದು ಬೀದಿಗಿಳಿಯುತ್ತಿದ್ದೆ.

ಓಣಿಯ ಕೊನೆಯ ಮನೆ ಲುವಾನ್ ದೊಡ್ಡಪ್ಪನದು. ಗಣಿಯಲ್ಲಿ ಮೇಸ್ತ್ರಿಯಾಗಿದ್ದವರು. ತಮ್ಮ ತಂಡದ ಒಬ್ಬನನ್ನೂ ನೆಲದಡಿಯಲ್ಲಿ ಕಳೆದುಕೊಂಡವರಲ್ಲ, ಆ ಹೆಮ್ಮೆ ಅವರ ನಡಿಗೆಯಲ್ಲೇ ಕಾಣುತ್ತಿತ್ತು. ನನ್ನ ಜಾಗಟೆ ಕೇಳಿದರೆ ಸಾಕು, ಗೇಟಿಗೆ ಬಂದು ನಿಲ್ಲುತ್ತಿದ್ದರು.

"ಏನ್ ಮೈಕಿನಮ್ಮ, ಜಾಗಟೆ ತಂದಿದ್ದೀಯ, ಆಡಿಸೋ ಕೋತಿ ಎಲ್ಲಿ?"

"ಗೇಟಲ್ಲೇ ನಿಂತಿದೆಯಲ್ಲ ದೊಡ್ಡಪ್ಪ," ಅಂತ ನಾನು. ದಿನಾ ಇದೇ ಪಾಠ, ದಿನಾ ಇಬ್ಬರೂ ನಗುತ್ತಿದ್ದೆವು.

ಆ ವರ್ಷ ಅವರ ಮನೆ ತುಂಬಿತ್ತು. ಮಗ ದುಡಿಯಲು ದಕ್ಷಿಣಕ್ಕೆ ಹೋಗಿದ್ದ. ಸೊಸೆ ಚುನ್‌ಯಾನ್ ಐಸ್‌ಕ್ರೀಮ್ ಕಡ್ಡಿ ಮಾಡುವ ಕಾರ್ಖಾನೆಯಲ್ಲಿದ್ದಳು. ಕರೆಂಟಿಗೆ ಕಡಿವಾಣ ಬಿದ್ದ ಮೇಲೆ ಅಲ್ಲಿ ಯಂತ್ರ ಓಡಿದ ದಿನ ಕೂಲಿ, ನಿಂತ ದಿನ ಇಲ್ಲ. ಅವಳಿದ್ದ ಎತ್ತರದ ಕಟ್ಟಡದಲ್ಲಿ ಲಿಫ್ಟು ನಿಲ್ಲುತ್ತಿತ್ತು, ಕೋಣೆ ಬೆಚ್ಚಗಾಗುತ್ತಿರಲಿಲ್ಲ. ಕೊನೆಗೆ ಮಗುವನ್ನು ಎತ್ತಿಕೊಂಡು ಅತ್ತೆ ಮಾವನ ಮನೆಗೇ ಬಂದಳು. ದೊಡ್ಡಪ್ಪನಿಗೆ ಹಬ್ಬ. ಮೊಮ್ಮಗಳಿಗೆ ಅವರಿಟ್ಟ ಮುದ್ದಿನ ಹೆಸರು ಕಲ್ಲಿದ್ದಲುಂಡೆ. ಬರಬರುತ್ತಾ ಓಣಿಗೆಲ್ಲ ಅವಳು ಬರೀ ಉಂಡೆ.

ಎಲ್ಲರೂ ಮಲಗುತ್ತಿದ್ದುದು ನಮ್ಮ ಕಡೆಯ ಮನೆಗಳಲ್ಲಿರುವ ಇಟ್ಟಿಗೆ ಕಟ್ಟೆಯ ಮೇಲೆ. ಒಲೆಯ ಬಿಸಿ ಹೊಗೆ ಆ ಕಟ್ಟೆಯ ಹೊಟ್ಟೆಯೊಳಗೆ ಹಾದು ಚಿಮಣಿ ಸೇರುತ್ತದೆ, ಮೇಲೆ ಮಲಗಿದವರಿಗೆ ಸ್ವರ್ಗ. ದೊಡ್ಡಪ್ಪನ ಚಿಮಣಿ ಹಳೆಯದು, ಹೊಗೆ ಸರಿಯಾಗಿ ಏರದು ಎಂದು ತುದಿಗೆ ಹೊಗೆ ಎಳೆಯುವ ಫ್ಯಾನು ಹಾಕಿಸಿದ್ದರು. ಕರೆಂಟು ಹೋದರೆ ಆ ಫ್ಯಾನು ನಿಲ್ಲುತ್ತದೆ. ಅದು ಸಾಲದೆಂಬಂತೆ, ಕಲ್ಲಿದ್ದಲು ದುಬಾರಿ ಎಂದು ಕೆಂಡ ಆರುವ ಮೊದಲೇ ಚಿಮಣಿಯ ತಗಡನ್ನು ಒಳಗೆ ತಳ್ಳಿ ದಾರಿ ಮುಚ್ಚುತ್ತಿದ್ದರು. ದುಡ್ಡು ಕೊಟ್ಟು ತಂದ ಬಿಸಿಯನ್ನು ಆಕಾಶಕ್ಕೆ ಯಾಕೆ ದಾನ ಮಾಡಲಿ ಎಂಬುದು ಅವರ ವಾದ.

ನಾನು ಹೇಳದೆ ಇರಲಿಲ್ಲ. ಕೆಂಡದ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕರೆದೊಯ್ಯುತ್ತದೆ ಎಂದೆ. ಸಮಿತಿಯಿಂದ ಮನೆಮನೆಗೆ ಕೊಟ್ಟ ವಿಷಗಾಳಿಯ ಅಲಾರಮನ್ನು ನಾನೇ ಅವರ ಗೋಡೆಗೆ ನೇತುಹಾಕಿ ಬಂದೆ. ಮುಂದಿನ ವಾರ ನೋಡಿದರೆ ಅದರ ಬ್ಯಾಟರಿ ಅವರ ರೇಡಿಯೋದೊಳಗಿದೆ.

"ಅದು ಕಿರುಚುತ್ತೆ, ಇದು ಹಾಡುತ್ತೆ," ಅಂದರು. "ಹುಡುಗೀ, ಕಲ್ಲಿದ್ದಲಿನ ಹೊಟ್ಟೆಯೊಳಗೇ ಬಾಳಿದವನು ನಾನು. ಅದು ನನ್ನನ್ನ ಕಡಿಯಲ್ಲ."

ನನಗೆ ಮೊಮ್ಮಗ ಹುಟ್ಟಿದ ಮೇಲೂ ನನ್ನನ್ನು ಹುಡುಗೀ ಅನ್ನುವವರು ಅವರೊಬ್ಬರೇ. ಹಾಗಾಗಿ ಆವತ್ತು ಬೈಯದೆ ಬಂದೆ.

ಆಮೇಲೆ ಒಂದು ದಿನ ಗಾಳಿ ಪೂರಾ ನಿಂತಿತ್ತು. ಮೋಡ ಕವಿದು, ಮನೆಗಳ ಹೊಗೆ ಮೇಲೇರದೆ ಮಾಡಿನ ಮೇಲೇ ಬಿದ್ದುಕೊಂಡಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಕರೆಂಟು ಹೋಯಿತು. ಒಂದೆರಡು ತಾಸು ಕಳೆದು ನಾನು ಜಾಗಟೆ ಬಾರಿಸುತ್ತಾ ಕೊನೆಯ ಮನೆಗೆ ಬಂದೆ. ದೊಡ್ಡಪ್ಪ ಗೇಟಿನಲ್ಲಿಲ್ಲ. ಇನ್ನೊಮ್ಮೆ ಬಾರಿಸಿದೆ. ಕೋತಿಯನ್ನು ಯಾರೂ ಕೇಳಲಿಲ್ಲ.

ಬಾಗಿಲು ನೂಕಿದೆ. ಒಳಗೆ ಬೆಚ್ಚಗಿತ್ತು, ಹುಳಿ ಎಲೆಕೋಸಿನ ಸಾರಿನ ವಾಸನೆ, ಬೇರೇನೂ ಇಲ್ಲ. ಆ ಗಾಳಿಯ ಮೋಸ ಇರುವುದೇ ಅಲ್ಲಿ. ದೊಡ್ಡಪ್ಪ ಕಟ್ಟೆಗೆ ಒರಗಿ ಕೂತಿದ್ದರು, ಕಣ್ಣು ತೆರೆದಿತ್ತು, ಕಾಲಿಗೆ ತ್ರಾಣವಿರಲಿಲ್ಲ. ದೊಡ್ಡಮ್ಮನೂ ಚುನ್‌ಯಾನ್‌ಳೂ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದರು. ಉಂಡೆಯ ಕತ್ತು ತಾಯಿಯ ತೋಳಿನ ಮೇಲೆ ವಾಲಿತ್ತು. ಮಗುವನ್ನು ಬಾಚಿಕೊಂಡು ಹೊರಗೆ ಓಡಿ, ಜಾಗಟೆಯನ್ನು ಒಡೆಯುವ ಹಾಗೆ ಬಡಿದೆ. ಚಳಿಗೆಂದು ಕಿಟಕಿಯ ಸಂದಿಗೆಲ್ಲ ಕಾಗದ ಅಂಟಿಸಿದ್ದರು, ತೆರೆಯಲು ಬರುವಂತಿರಲಿಲ್ಲ. ಬಂದವರು ಗಾಜನ್ನೇ ಒಡೆದರು, ಬಾಗಿಲುಗಳನ್ನು ಹಾರುಹೊಡೆದರು, ಎಲ್ಲರನ್ನೂ ಕೌದಿಯಲ್ಲಿ ಸುತ್ತಿ ಅಂಗಳಕ್ಕೆ ತಂದರು. ಒಬ್ಬರು ಆಂಬುಲೆನ್ಸಿಗೆ ಫೋನು ಮಾಡಿದರು. ಅದು ಬರುವವರೆಗೆ ಓಣಿಯ ಹೆಂಗಸರು ತಮ್ಮ ಕೋಟು ಬಿಚ್ಚಿ ಅವರಿಗೆ ಹೊದಿಸಿ, ತಾವು ನಡುಗುತ್ತಾ ನಿಂತರು. ನಮ್ಮ ಓಣಿ ಅಂದರೆ ಅದು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ದೊಡ್ಡವರು ಮೂವರೂ ಸಂಜೆಗೆ ಸುಧಾರಿಸಿಕೊಂಡರು. ಉಂಡೆ ಮಾತ್ರ ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗೇ ಇದ್ದಳು. ಅಷ್ಟಾದರೂ ದೊಡ್ಡಪ್ಪ ಇದೆಲ್ಲ ಸಾರಿನ ಎಲೆಕೋಸು ಕೆಟ್ಟಿದ್ದರಿಂದ ಎಂದೇ ಪಟ್ಟು ಹಿಡಿದಿದ್ದರು. ನಾನು ಜಗಳ ಆಡಲಿಲ್ಲ. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ.

"ದೊಡ್ಡಪ್ಪ, ಗಣಿಯೊಳಗೆ ಗಾಳಿ ಫ್ಯಾನು ನಿಂತ್ರೆ ಏನ್ ಮಾಡ್ತಿದ್ರಿ?"

"ಅದೂ ಒಂದ್ ಪ್ರಶ್ನೆನಾ? ಇರೋ ಕೆಲಸ ಅಲ್ಲೇ ಬಿಟ್ಟು ಎಲ್ಲರನ್ನೂ ಮೇಲಕ್ಕೆ ಕರ್ಕೊಂಡು ಬರ್ತಿದ್ದೆ. ಒಂದ್ ಗುದ್ದಲಿ ಏಟೂ ಹಾಕೋ ಹಾಗಿಲ್ಲ."

"ಗಾಳಿ ಅಳೆಯೋ ಯಂತ್ರದ ಬ್ಯಾಟರಿನ ಯಾರಾದ್ರೂ ಕಿತ್ತುಕೊಂಡಿದ್ರೆ?"

"ಕೆನ್ನೆಗೆ ಬಾರಿಸ್ತಿದ್ದೆ."

ಹೇಳಿದ ಮೇಲೆ ಅವರ ಕೈ ತಮ್ಮದೇ ಕೆನ್ನೆಗೆ ಹೋಯಿತು. ಪಕ್ಕದ ಮಂಚದಿಂದ ದೊಡ್ಡಮ್ಮ, ಬಾರಿಸುವ ಕೆಲಸ ನನಗೆ ಬಿಡಿ, ಸ್ವಲ್ಪ ಕೈಗೆ ಶಕ್ತಿ ಬರಲಿ ಎಂದರು. ದೊಡ್ಡಪ್ಪ ನಗಲಿಲ್ಲ. ಉಂಡೆಯನ್ನೇ ನೋಡುತ್ತಿದ್ದರು. ಆ ಗಟ್ಟಿ ಮನುಷ್ಯ ಅತ್ತದ್ದನ್ನು ನಾನು ಮೊದಲು ನೋಡಿದ್ದು ಅಲ್ಲೇ.

"ನನ್ನ ತಂಡದಲ್ಲಿ ಒಬ್ಬನೂ ಹೋಗಿಲ್ಲ ಅಂತ ಬೀಗ್ತಿದ್ದೆನಲ್ಲಮ್ಮ," ಅಂದರು. "ಇವರೂ ನನ್ನ ತಂಡಾನೇ ಅಲ್ವಾ?"

ಬೆಳಿಗ್ಗೆ ಉಂಡೆ ಕಣ್ಣು ಬಿಟ್ಟು, ಹಾಲಿಗಾಗಿ ವಾರ್ಡೆಲ್ಲ ಎದ್ದು ಕೂರುವಂತೆ ಅತ್ತಳು. ಅಷ್ಟು ಇಂಪಾದ ಅಳು ನಾನು ಕೇಳಿಲ್ಲ.

ಮನೆಗೆ ಬಂದವರೇ ದೊಡ್ಡಪ್ಪ ರೇಡಿಯೋದಿಂದ ಬ್ಯಾಟರಿ ತೆಗೆದು ಅಲಾರಮಿಗೆ ಹಾಕಿದರು. ಚಿಮಣಿಯ ಮಸಿ ಕೆರೆದು ತೆಗೆದರು. ತಗಡಿಗೆ ಅಂಗೈಯಗಲ ತೂತು ಕೊರೆದರು, ಇನ್ನು ಯಾರು ಮರೆತು ತಳ್ಳಿದರೂ ದಾರಿ ಪೂರ್ತಿ ಮುಚ್ಚದಿರಲಿ ಎಂದು. ಆಮೇಲೆ ಗಣಿಯ ಹಳೆಯ ಟೊಪ್ಪಿಗೆ ತೊಟ್ಟು, ಹಣೆಯ ದೀಪ ಹಚ್ಚಿಕೊಂಡು ಓಣಿಯ ಮನೆಮನೆಗೂ ಹೋದರು. ಕಟ್ಟೆ ಬಿರುಕು ಬಿಟ್ಟಿದ್ದ ಮನೆಯವರಿಗೆ ಒಲೆ ಹಚ್ಚಬೇಡಿ, ನಮ್ಮಲ್ಲಿಗೆ ಬಂದು ಮಲಗಿ ಎಂದರು. ಅದನ್ನು ನೋಡಿ ಉಳಿದವರಿಗೂ ಬುದ್ಧಿ ಬಂತು. ಎರಡೆರಡು ಮನೆಯವರು ಸೇರಿ ಒಂದೇ ಒಲೆ ಹಚ್ಚತೊಡಗಿದರು. ಕಲ್ಲಿದ್ದಲು ಅರ್ಧ ಉಳಿಯಿತು, ಹರಟೆ ದುಪ್ಪಟ್ಟಾಯಿತು. ಯಂತ್ರ ನಿಂತ ದಿನ ಚುನ್‌ಯಾನ್ ಎಲ್ಲರಿಗೂ ಕಡುಬು ಮಾಡುತ್ತಿದ್ದಳು. ಕೈ ಬಿಗಿಯಾಗಿತ್ತು ನಿಜ, ಮನಸ್ಸು ಬಿಗಿಯಾಗಲಿಲ್ಲ.

ಅಲ್ಲಿಂದ ಮುಂದೆ ಜಾಗಟೆ ನನ್ನ ಕೈಯಲ್ಲಿ ಉಳಿಯಲಿಲ್ಲ. ಕರೆಂಟು ಹೋದ ಸಂಜೆ ಅದನ್ನು ಹಿಡಿದು ಹೊರಡುತ್ತಿದ್ದವರು ದೊಡ್ಡಪ್ಪ. ಗಣಿಯಿಂದ ತಂಡ ಮೇಲೆ ಬಂದಾಗ ಮೇಸ್ತ್ರಿ ಹಾಜರಿ ಕೂಗುವ ಪದ್ಧತಿಯಲ್ಲೇ ಒಂದೊಂದು ಮನೆಯ ಮುಂದೂ ನಿಂತು, "ಮೇಲೆ ಬಂದ್ರಾ?" ಅಂತ ಕೂಗುತ್ತಿದ್ದರು. ಒಳಗಿನಿಂದ "ಬಂದ್ವಿ" ಅಂತ ಉತ್ತರ ಬರಬೇಕಿತ್ತು. ಎಲ್ಲಕ್ಕಿಂತ ಕೊನೆಗೆ ತಮ್ಮದೇ ಗೇಟಿನಲ್ಲಿ ನಿಂತು ಮೊಮ್ಮಗಳ ಹೆಸರು ಕೂಗುತ್ತಿದ್ದರು. ಉಂಡೆಗೆ ಆಗಿನ್ನೂ ಮಾತು ಬಾರದು, ಚಮಚ ಹಿಡಿದು ಬಟ್ಟಲಿಗೆ ಬಡಿಯುತ್ತಿದ್ದಳು. ಆ ಸದ್ದು ಕಿವಿಗೆ ಬೀಳುವವರೆಗೆ ದೊಡ್ಡಪ್ಪ ಹಿಮದಲ್ಲೇ ನಿಂತಿರುತ್ತಿದ್ದರು. ನಮ್ಮ ಓಣಿಯಲ್ಲಿ ಆ ಚಳಿಗಾಲ ಒಂದು ಹೆಸರಿಗೂ ಉತ್ತರ ತಪ್ಪಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಕರೆಂಟು ಇವತ್ತಲ್ಲ ನಾಳೆ ಬರುತ್ತದೆ, ಹೋದ ಜೀವ ಬರುವುದಿಲ್ಲ. ಕೆಂಡ ಪೂರ್ತಿ ಬೂದಿಯಾಗುವ ತನಕ ಹೊಗೆಯ ದಾರಿ ಮುಚ್ಚಬೇಡಿ. ಹೊಗೆ ಎಳೆಯುವ ಫ್ಯಾನು ನಿಂತರೆ ಒಲೆಯನ್ನೂ ನಿಲ್ಲಿಸಿ. ಎಷ್ಟೇ ಚಳಿಯಿರಲಿ, ಕಿಟಕಿಯ ಒಂದು ಸಂದಿ ತೆರೆದಿರಲಿ. ಅಲಾರಮಿನ ಬ್ಯಾಟರಿಗೆ ಕೈ ಹಾಕಬೇಡಿ. ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು, ವಾಂತಿ ಬಂದರೆ ಎಲೆಕೋಸನ್ನು ದೂರಬೇಡಿ, ಮೊದಲು ಹೊರಗೆ ಬನ್ನಿ, ಆಂಬುಲೆನ್ಸಿಗೆ ಫೋನು ಮಾಡಿ. ಇವತ್ತು ಸಂಜೆ ದೀಪ ಹೋದರೆ ಪಕ್ಕದ ಮನೆಯ ಮುಂದೆ ನಿಂತು ಒಮ್ಮೆ ಕೂಗಿ. ಉತ್ತರ ಬರುವವರೆಗೆ ಅಲ್ಲಿಂದ ಕದಲಬೇಡಿ.